ಕೈಲ್ ಪೊಳ್ದ್

ಕೈಲ್ ಪೊಳ್ದ್: ಕೊಡಗಿನ ಕೊಡವರು ಪ್ರತಿವರ್ಷ ಆಚರಿಸುವ ಆಯುಧಪೂಜೆಯ ಹಬ್ಬ. ಇದನ್ನು ಕೈಲ್ ಮುಹೂರ್ತ ಎಂದೂ ಕರೆಯಲಾಗುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು, ಭತ್ತದ ನಾಟಿ ಮುಗಿದ ಬಳಿಕ ನಡೆಯುತ್ತದೆ. ಕೆಲವು ನಾಡುಗಳಲ್ಲಿ ದಿನ ಬೇರೆಯಾಗಿರುತ್ತದೆ. ಹಿಂದೆ ನಾಟಿಯ ಕಾಲದಲ್ಲಿ ಆಯುಧಗಳನ್ನು ಬಳಸದೆ ದೇವರ ಕೋಣೆಯಲ್ಲಿ ಇಡಲಾಗುತ್ತಿತ್ತು. ಹಬ್ಬದಂದು ಅವನ್ನು ಹೊರತೆಗೆದು ಬೇಟೆಗೆ ಸಜ್ಜುಗೊಳಿಸಲಾಗುತ್ತಿತ್ತು.

ಕೋವಿ, ಒಡಿಕತ್ತಿ (ಅಗಲ ಅಲಗಿನ ಬಾಗಿದ ಕತ್ತಿ), ಪೀಚೆಕತ್ತಿಗಳನ್ನು (ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಶುಚಿಗೊಳಿಸಿ ನೆಲ್ಲಕ್ಕಿ ಬಾಡೆಯಲ್ಲಿ (ಮನೆಯ ನಡುಕೋಣೆ) ಅಥವಾ ದೇವರ ಕೋಣೆಯಲ್ಲಿ ಜೋಡಿಸಿ, ಗಂಧವಿಟ್ಟು ಪೂಜಿಸುತ್ತಾರೆ. ಕೆಂಪು–ಹಳದಿ ಬಣ್ಣದ ತೋಕ್ ಪೂವನ್ನು (ಅಗ್ನಿಶಿಖೆ) ಕೋವಿಯ ನಳಿಗೆಗೆ ಸಿಕ್ಕಿಸುವುದು ವಾಡಿಕೆ. ನೇಗಿಲು, ನೊಗಗಳಿಗೂ ಪೂಜೆ ಸಲ್ಲುತ್ತದೆ. ಕಡಂಬಿಟ್ಟು (ಅಕ್ಕಿ ಕಡುಬು), ಪಂದಿಕರಿ (ಹಂದಿಮಾಂಸದ ಸಾರು) ಹಬ್ಬದ ಮುಖ್ಯ ಅಡುಗೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರಮಂದ್‌ಗಳಲ್ಲಿ (ಊರಿನ ಸಾಮೂಹಿಕ ಮೈದಾನ) ನಡೆಯುತ್ತದೆ.

ಹಬ್ಬದಲ್ಲಿ ಬಳಸುವ ಕೋವಿಗಳ ವಿಷಯದಲ್ಲಿ, ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಕೋವಿ ಪರವಾನಗಿ ವಿನಾಯಿತಿಯನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮುಂದುವರಿಸಲಾಗಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಷಿದ್ಧವಾದ್ದರಿಂದ ಹಬ್ಬವು ಈಗ ಪೂಜೆ, ಗುರಿ ಸ್ಪರ್ಧೆಗಳಿಗೆ ಸೀಮಿತವಾಗಿದೆ.