ಒಂದು ಪತ್ರ, ಎರಡು ತೀರ್ಪು: ಶಾಲಾ ಕ್ರೀಡೆಯಲ್ಲಿ ಆಟಗಾರರನ್ನು ಸೆಳೆಯುವ ನಿಷೇಧದ ಚರಿತ್ರೆ

ಅಮೆರಿಕದಲ್ಲಿ ಶಾಲೆ ಶಾಲೆಗಳ ನಡುವಿನ ಪಂದ್ಯಗಳು ಶುರುವಾದಾಗ ತಂಡ ಕಟ್ಟುತ್ತಿದ್ದವರು ವಿದ್ಯಾರ್ಥಿಗಳೇ. 19ನೇ ಶತಮಾನದ ಕೊನೆಯ ಆ ದಿನಗಳಲ್ಲಿ, ಶಾಲೆಯ ಹೆಸರಿನಲ್ಲಿ ಅಂಗಳಕ್ಕಿಳಿದವರೆಲ್ಲ ಆ ಶಾಲೆಯಲ್ಲೇ ಓದುತ್ತಿರಬೇಕೆಂಬ ಕಟ್ಟುಪಾಡು ಇರಲಿಲ್ಲ. ಓದು ಬಿಟ್ಟವರು, ಊರಿನ ಗಟ್ಟಿಮುಟ್ಟಾದ ಯುವಕರು, ಕೆಲವೊಮ್ಮೆ ಮೇಷ್ಟರೇ ಆಡಿದ್ದುಂಟು. ಇದಕ್ಕೆ ಕಡಿವಾಣ ಹಾಕಲು ಮುಖ್ಯೋಪಾಧ್ಯಾಯರು ಒಗ್ಗೂಡಿದರು. ವಿಸ್ಕಾನ್ಸಿನ್‌ನ ಸಂಘ 1890ರ ದಶಕದ್ದು, ಇಲಿನಾಯ್ಸ್‌ನದು 1900ರದ್ದು. 1920ರಲ್ಲಿ ಐದು ರಾಜ್ಯಗಳ ಪ್ರತಿನಿಧಿಗಳು ಶಿಕಾಗೊದಲ್ಲಿ ಸೇರಿ ಕಟ್ಟಿದ ಒಕ್ಕೂಟವೇ ಮುಂದೆ ರಾಷ್ಟ್ರೀಯ ಒಕ್ಕೂಟವಾಯಿತು. ವಯೋಮಿತಿ, ಎಂಟು ಸೆಮಿಸ್ಟರ್‌ಗಳ ಮಿತಿ, ಪಾಠದಲ್ಲಿ ಕನಿಷ್ಠ ಅಂಕ, ಶಾಲೆ ಬದಲಿಸಿದವರಿಗೆ ಆಟದಿಂದ ವಿರಾಮ: ಇಂಥ ಅರ್ಹತಾ ನಿಯಮಗಳು ಒಂದೊಂದಾಗಿ ರಾಜ್ಯಗಳಲ್ಲಿ ನೆಲೆಯೂರಿದವು.

ಇವುಗಳಲ್ಲಿ ವಯಸ್ಸು, ಅಂಕಗಳನ್ನು ದಾಖಲೆ ನೋಡಿ ತೀರ್ಮಾನಿಸಬಹುದು. ಆದರೆ ಬೇರೆ ಶಾಲೆಯ ಹುಡುಗನನ್ನು ಆಟಕ್ಕಾಗಿ ಸೆಳೆಯಬಾರದು ಎಂಬ ನಿಯಮ ಹಾಗಲ್ಲ. ಅಲ್ಲಿ ತೂಗಬೇಕಾದದ್ದು ಉದ್ದೇಶ. ಈ ತೊಡಕು ಅತ್ಯಂತ ಸ್ಪಷ್ಟವಾಗಿ ಬಯಲಾದದ್ದು ಟೆನೆಸ್ಸೀಯಲ್ಲಿ.

1925ರಲ್ಲಿ ಹುಟ್ಟಿದ ಟೆನೆಸ್ಸೀ ಸೆಕೆಂಡರಿ ಸ್ಕೂಲ್ ಅಥ್ಲೆಟಿಕ್ ಅಸೋಸಿಯೇಷನ್, 1950ರ ದಶಕದ ಆರಂಭದಿಂದಲೇ ಮಾಧ್ಯಮಿಕ ಶಾಲೆಯ ಮಕ್ಕಳ ಮೇಲೆ ಹೈಸ್ಕೂಲುಗಳು 'ಅನುಚಿತ ಪ್ರಭಾವ' ಬೀರುವುದನ್ನು ನಿಷೇಧಿಸಿತ್ತು. ನ್ಯಾಶ್‌ವಿಲ್ ಹೊರವಲಯದ ಬ್ರೆಂಟ್‌ವುಡ್ ಅಕಾಡೆಮಿ ಎಂಬ ಖಾಸಗಿ ಶಾಲೆಗೆ ಫುಟ್‌ಬಾಲ್‌ನಲ್ಲಿ (ಅಮೆರಿಕನ್ನರ ಫುಟ್‌ಬಾಲ್) ದೊಡ್ಡ ಹೆಸರು. 1997ರಲ್ಲಿ ಅದರ ಕೋಚ್ ಎಂಟನೇ ತರಗತಿಯ ಕೆಲವು ಹುಡುಗರಿಗೆ ಪತ್ರ ಬರೆದು ವಸಂತಕಾಲದ ಅಭ್ಯಾಸಕ್ಕೆ ಕರೆದರು. ಆಟದ ಸಾಮಗ್ರಿ ಕೊಡುತ್ತೇವೆ, ಬೇಗ ಸೇರಿಕೊಂಡಷ್ಟೂ ನಿಮಗೇ ಅನುಕೂಲ ಎಂಬುದು ಒಕ್ಕಣೆ. ಕೆಳಗೆ ಹೆಸರಿನ ಬದಲು 'ನಿಮ್ಮ ಕೋಚ್' ಎಂಬ ಸಹಿ. ಹುಡುಗರೆಲ್ಲ ಬಂದರು.

ಅವರೆಲ್ಲ ಆ ಶಾಲೆಗೆ ಸೇರುವುದಾಗಿ ಮೊದಲೇ ಕರಾರಿಗೆ ಸಹಿ ಹಾಕಿದ್ದವರು. ಆದರೆ ಸಂಘದ ನಿಯಮದ ಪ್ರಕಾರ ಮೂರು ದಿನ ತರಗತಿಗೆ ಹಾಜರಾಗದೆ ಯಾರೂ ಶಾಲೆಯ ವಿದ್ಯಾರ್ಥಿಯಲ್ಲ! ಸಂಘ ಶಿಕ್ಷೆ ವಿಧಿಸಿತು: 3,000 ಡಾಲರ್ ದಂಡ, ನಾಲ್ಕು ವರ್ಷ ನಿಗಾ, ಫುಟ್‌ಬಾಲ್ ಮತ್ತು ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡಗಳಿಗೆ ಎರಡು ವರ್ಷ ಪ್ಲೇಆಫ್ ಬಂದ್. ದಂಡದ ಹಣಕ್ಕಿಂತ ಕೊನೆಯದೇ ಶಾಲೆಗೆ ನಾಟಿರಬೇಕು.

ಸಂವಿಧಾನ ಕೊಟ್ಟ ವಾಕ್‌ಸ್ವಾತಂತ್ರ್ಯ ಕಸಿದಿದ್ದಾರೆಂದು ಶಾಲೆ ಕೋರ್ಟಿಗೆ ಹೋಯಿತು. ನಾವು ಖಾಸಗಿ ಸಂಸ್ಥೆ, ಸಂವಿಧಾನದ ನಿರ್ಬಂಧ ಸರ್ಕಾರಕ್ಕೆ ಮಾತ್ರ ಎಂದಿತು ಸಂಘ. ವಾಸ್ತವದಲ್ಲಿ ಅದರ ಸದಸ್ಯರಲ್ಲಿ ಸುಮಾರು 290 ಸರ್ಕಾರಿ ಶಾಲೆಗಳು, 55 ಖಾಸಗಿ ಶಾಲೆಗಳು. ಶಿಕ್ಷೆಯಾದಾಗ ಅದರ ಮಂಡಳಿಯ ಮತದಾರರೆಲ್ಲ ಸರ್ಕಾರಿ ಶಾಲೆಗಳ ಆಡಳಿತಗಾರರು. ಸಂಘದ ನೌಕರರಿಗೆ ರಾಜ್ಯದ ನಿವೃತ್ತಿ ವೇತನ ಯೋಜನೆಯಲ್ಲೂ ಜಾಗವಿತ್ತು. ಇದನ್ನು ಖಾಸಗಿ ಅನ್ನುವುದು ಹೇಗೆ? 2001ರಲ್ಲಿ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಸಂಘಕ್ಕೂ ಸಂವಿಧಾನ ಅನ್ವಯಿಸುತ್ತದೆ ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸೌಟರ್. ಕಾಲೇಜು ಕ್ರೀಡೆಯ ಎನ್‌ಸಿಎಎ ಬಗ್ಗೆ ಇದೇ ಕೋರ್ಟು 1988ರಲ್ಲಿ ಉಲ್ಟಾ ಹೇಳಿತ್ತು. ಆದರೆ ಎನ್‌ಸಿಎಎ ಸದಸ್ಯರು ದೇಶದುದ್ದಕ್ಕೂ ಹರಡಿದವರು, ಟೆನೆಸ್ಸೀ ಸಂಘದವರು ಒಂದೇ ರಾಜ್ಯದವರು. ಈ ವ್ಯತ್ಯಾಸವೇ ನಿರ್ಣಾಯಕವಾಯಿತು.

ಶಾಲೆಗೆ ಸಿಕ್ಕಿದ್ದು ಬಾಗಿಲು ತೆರೆದದ್ದಷ್ಟೇ. 2007ರಲ್ಲಿ ಮೊಕದ್ದಮೆ ಮತ್ತೆ ಅದೇ ಕೋರ್ಟಿಗೆ ಬಂದಾಗ ಸಂಘವೇ ಗೆದ್ದಿತು. ಶಾಲೆ ಸ್ವಇಚ್ಛೆಯಿಂದ ಸದಸ್ಯತ್ವ ಪಡೆದಿದೆ, ಒಪ್ಪಿ ಬಂದ ನಿಯಮಕ್ಕೆ ಬದ್ಧವಾಗಿರಬೇಕು ಎಂಬುದು ನ್ಯಾಯಮೂರ್ತಿ ಸ್ಟೀವನ್ಸ್ ತೀರ್ಪಿನ ತಿರುಳು. ಕೋಚ್ ಎಂಬ ಅಧಿಕಾರ ಹದಿಮೂರು–ಹದಿನಾಲ್ಕರ ಹುಡುಗನ ಮೇಲೆ ಬೀರುವ ಒತ್ತಡವನ್ನು ತೀರ್ಪು ಗಂಭೀರವಾಗಿ ತೆಗೆದುಕೊಂಡಿತು. ವಕೀಲರು ಕಕ್ಷಿದಾರರನ್ನು ನೇರವಾಗಿ ಸೆಳೆಯುವುದಕ್ಕಿರುವ ನಿಷೇಧಕ್ಕೆ ಸಂಘದ ನಿಯಮವನ್ನು ಹೋಲಿಸಿದ ಭಾಗವನ್ನು ಮಾತ್ರ ನಾಲ್ವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. 2001ರ ತೀರ್ಪನ್ನೇ ರದ್ದುಮಾಡಬೇಕೆಂದು ಬರೆದವರು ನ್ಯಾಯಮೂರ್ತಿ ಥಾಮಸ್ ಒಬ್ಬರೇ.

ಈ ಚರಿತ್ರೆಯ ಒಳಸುಳಿ ಬೇರೆಯೇ ಇದೆ. ಸರ್ಕಾರಿ ಶಾಲೆಗೆ ಬರುವವರು ಸಾಮಾನ್ಯವಾಗಿ ಅದರ ಸುತ್ತಿನ ಮಕ್ಕಳು. ಖಾಸಗಿ ಶಾಲೆಗೆ ಆ ಗಡಿ ಇಲ್ಲ, ಶುಲ್ಕ ರಿಯಾಯಿತಿ ಕೊಡುವ ಶಕ್ತಿಯೂ ಇದೆ. ಹೀಗಾಗಿ ಸೆಳೆಯುವುದರ ನಿಷೇಧ ಮಕ್ಕಳ ರಕ್ಷಣೆಯ ಹೆಸರಲ್ಲಿದ್ದರೂ ಈ ಅಸಮಾನತೆಯ ಜಗಳವನ್ನೂ ಹೊತ್ತಿತ್ತು. ಅದನ್ನು ಬಗೆಹರಿಸಲು ಟೆನೆಸ್ಸೀ ಸಂಘ 1990ರ ದಶಕದ ಕೊನೆಯಲ್ಲಿ ಧನಸಹಾಯ ಕೊಡುವ ಖಾಸಗಿ ಶಾಲೆಗಳಿಗೆ ಬೇರೆ ವಿಭಾಗವನ್ನೇ ಮಾಡಿತು. ನನ್ನ ಮಟ್ಟಿಗೆ ಪತ್ರಗಳನ್ನು ಹುಡುಕಿ ದಂಡ ಹಾಕುವುದಕ್ಕಿಂತ ಇದು ನೇರವಾದ ದಾರಿ. ಸೆಳೆಯುವ ಚಪಲದ ಬೇರು ಹಣದಲ್ಲಿದೆ, ಪತ್ರದಲ್ಲಲ್ಲ.

ಮಕ್ಕಳ ಮೇಲಿನ ಒತ್ತಡವನ್ನು ತಡೆಯುವ ನಿಯಮ ಬೇಕೇ ಬೇಕು. ಆದರೆ ಕರಾರಿಗೆ ಸಹಿ ಹಾಕಿದ ಹುಡುಗನನ್ನು ಮೂರು ದಿನದ ಲೆಕ್ಕದಲ್ಲಿ ಹೊರಗಿನವನೆಂದು ಎಣಿಸಿದ್ದು ನಿಯಮದ ಬಿಗಿಯೇ ಹೊರತು ನ್ಯಾಯದ್ದಲ್ಲ.