ಬೆಳಕಿನ ಉಳಿ ಎಷ್ಟು ಆಳಕ್ಕೆ ಇಳಿಯುತ್ತದೆ?

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಸ್ಥಾನದಲ್ಲಿ 10ರಿಂದ 12ನೆಯ ಶತಮಾನದವರೆಗಿನ ಮೂವತ್ತಕ್ಕೂ ಹೆಚ್ಚು ಕನ್ನಡ ಶಾಸನಗಳಿವೆ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿ 1939ರಲ್ಲಿ ಹೊರತಂದ ಸಂಪುಟದಲ್ಲಿ ಈ ಸೀಮೆಯ ಶಾಸನಗಳ ಪಾಠ ಸಿಗುತ್ತದೆ. ಅಷ್ಟು ಹಳೆಯ ಬರಹವನ್ನು ಎತ್ತಿಕೊಳ್ಳುವ ಕ್ರಮ ಹೀಗಿದೆ: ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅದನ್ನು ಅಕ್ಷರದ ತಗ್ಗಿನೊಳಕ್ಕೆ ಕೂರಿಸುತ್ತಾರೆ, ಆಮೇಲೆ ಮಸಿ ಒತ್ತುತ್ತಾರೆ. ತಗ್ಗಿಗೆ ಮಸಿ ತಾಗುವುದಿಲ್ಲವಾದ್ದರಿಂದ ಕಪ್ಪಿನ ನಡುವೆ ಅಕ್ಷರ ಬಿಳಿಯಾಗಿ ಏಳುತ್ತದೆ. ಅಂದರೆ ಈ ಬರಹ ನಮ್ಮವರೆಗೆ ಉಳಿದುಬಂದದ್ದು ಅದರ ಆಳದಿಂದ. ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಊರುಗಳಲ್ಲಿ ಪಾತ್ರೆಗೋ ಫಲಕಕ್ಕೋ ಕಲ್ಲಿಗೋ ಹೆಸರು ಕೆತ್ತಿಸುವ ಮಾತು ಬಂದರೆ ಅದರ ಹಿಂದೆಯೇ ಲೇಸರ್ ಯಂತ್ರದ ಮಾತೂ ಬರುತ್ತದೆ. ಗೆರೆ ಎಳೆಯುವುದರಲ್ಲಿ, ತೆಳುವಾದುದನ್ನು ಕತ್ತರಿಸುವುದರಲ್ಲಿ ಈ ಯಂತ್ರಕ್ಕೆ ಸಾಟಿಯಿಲ್ಲ. ಆಳದ ವಿಷಯದಲ್ಲಿ ಹಾಗೆ ಹೇಳಲಾಗದು. ಲೇಸರಿನ ಬೆಳವಣಿಗೆಯ ಚರಿತ್ರೆಯನ್ನು ನೋಡಿದರೆ ಈ ಮಿತಿ ಎಲ್ಲಿಂದ ಬಂತೆಂಬುದೂ ತಿಳಿಯುತ್ತದೆ.

ಥಿಯೊಡೋರ್ ಮೈಮನ್ ಮಾಣಿಕ್ಯದ ಸರಳಿನಿಂದ ಮೊದಲ ಲೇಸರ್ ಕಿರಣ ಹೊರಡಿಸಿದ್ದು 1960ರ ಮೇ ತಿಂಗಳಲ್ಲಿ. ನಾಲ್ಕು ವರ್ಷದ ಬಳಿಕ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಾಲಯ ಸೇರಿದ್ದ ಕುಮಾರ್ ಪಟೇಲ್ ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರನ್ನು ರೂಪಿಸಿದರು. ಇಂದು ಅಕ್ರಿಲಿಕ್, ಮರ ಕತ್ತರಿಸುವ ಯಂತ್ರಗಳೊಳಗಿನ ಗಾಜಿನ ಟ್ಯೂಬು ಅದೇ ವಂಶದ್ದು. 1965ರಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ತಂತಿ ಎಳೆಯುವ ವಜ್ರದ ಅಚ್ಚುಗಳಲ್ಲಿ ಲೇಸರಿನಿಂದ ತೂತು ಕೊರೆಯತೊಡಗಿತು. 1967ರಲ್ಲಿ ಬ್ರಿಟನ್ನಿನ ಪೀಟರ್ ಹೌಲ್ಡ್‌ಕ್ರಾಫ್ಟ್ ಕಿರಣದ ಜೊತೆಗೆ ಆಮ್ಲಜನಕವನ್ನೂ ಊದಿ ಒಂದು ಮಿಲಿಮೀಟರ್ ದಪ್ಪದ ಉಕ್ಕನ್ನು ಕತ್ತರಿಸಿ ತೋರಿಸಿದರು. ಗಾಜಿನ ಎಳೆಯೊಳಗೇ ಕಿರಣ ಹುಟ್ಟಿಸುವ ಫೈಬರ್ ಲೇಸರಿನ ಕಲ್ಪನೆ ಅರುವತ್ತರ ದಶಕದ್ದೇ ಆದರೂ ಅದು ಕಾರ್ಖಾನೆಗಳಲ್ಲಿ ಬೇರೂರಿದ್ದು ಈ ಶತಮಾನದಲ್ಲಿ. ಮೊದಲಿನಿಂದಲೂ ಲೇಸರಿಗೆ ಒಲಿದ ಕೆಲಸಗಳ ಬಗೆಯನ್ನು ಇಲ್ಲಿ ಗಮನಿಸಬೇಕು: ಸಣ್ಣ ತೂತು, ತೆಳು ತಗಡು, ನವಿರು ಗೆರೆ. ಕೂದಲೆಳೆಗೆ ಹತ್ತಿರವಾದ ಒಂದು ಚುಕ್ಕೆಯ ಮೇಲೆ ಶಾಖವನ್ನೆಲ್ಲ ಸುರಿಯುವುದೇ ಇದರ ಬಲ. ಆ ಚುಕ್ಕೆಯಿಂದ ಕೆಳಗಿಳಿದಂತೆ ಕಿರಣ ಮತ್ತೆ ಹರಡಿಕೊಳ್ಳುತ್ತದೆ, ಬಲ ಕುಂದುತ್ತದೆ.

ಕಿರಣ ಯಾವುದನ್ನು ಕತ್ತರಿಸುತ್ತದೆ ಎಂಬುದನ್ನು ಯಂತ್ರದ ವಾಟ್ ಒಂದೇ ತೀರ್ಮಾನಿಸುವುದಿಲ್ಲ. ಎದುರಿನ ವಸ್ತು ಆ ಬೆಳಕನ್ನು ಹೀರಬೇಕು. ಅನಿಲ ಲೇಸರಿನ ತರಂಗಾಂತರ 10.6 ಮೈಕ್ರಾನ್, ಅದನ್ನು ಮರ, ಚರ್ಮ, ಅಕ್ರಿಲಿಕ್, ಗಾಜು, ಕಲ್ಲು ಹೀರುತ್ತವೆ, ಹೊಳೆಯುವ ಲೋಹ ಹಿಂದಕ್ಕೆಸೆಯುತ್ತದೆ. ಸುಮಾರು 1.06 ಮೈಕ್ರಾನಿನ ಫೈಬರ್ ಲೇಸರ್ ಲೋಹಕ್ಕೆ ಹಿಡಿಯುತ್ತದೆ, ಪಾರದರ್ಶಕ ಅಕ್ರಿಲಿಕ್ಕಿನಲ್ಲಿ ಹಾದುಹೋಗುತ್ತದೆ. ಮೇಜಿನ ಮೇಲಿಟ್ಟು ನಡೆಸುವ ಅಗ್ಗದ ನೀಲಿ ಡಯೋಡ್ ಲೇಸರೂ ಪಾರದರ್ಶಕ ಅಕ್ರಿಲಿಕ್ಕನ್ನು ಕತ್ತರಿಸಲಾರದು. ಒಂದೇ ಯಂತ್ರದಲ್ಲಿ ಎಲ್ಲವೂ ಆಗುತ್ತದೆಂದು ಹೇಳಿ ಮಾರುವವರ ಮಾತು ಸುಳ್ಳಾಗುವುದು ಈ ಕಾರಣಕ್ಕೆ. ಪಿವಿಸಿಯಂತೂ ಕಿರಣಕ್ಕೆ ಒಡ್ಡಲೇಬಾರದ ವಸ್ತು. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ. ಉಸಿರಾಡಿದವರ ಶ್ವಾಸಕೋಶವನ್ನು ಸುಡುವ ಅನಿಲ ಅದು, ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ. ಸಣ್ಣ ಮಳಿಗೆಯಲ್ಲಿ ಹೊಗೆ ಹೊರಗೆಳೆಯುವ ಫ್ಯಾನಿಲ್ಲದೆ ಇಡೀ ದಿನ ಎಂಡಿಎಫ್ ಹಲಗೆ ಕತ್ತರಿಸುವುದೂ ಅಪಾಯವೇ. ಈ ಭಾಗದ ಬೇಸಿಗೆ ಬೇರೆ: ಹೊರಗೆ ನಲವತ್ತು ಡಿಗ್ರಿ ಇರುವಾಗ ಟ್ಯೂಬಿನ ಸುತ್ತ ಹರಿಯುವ ನೀರು ಇಪ್ಪತ್ತರ ಆಸುಪಾಸಿನಲ್ಲಿರಬೇಕು. ಚಿಲ್ಲರ್ ಬದಲು ಬಕೆಟ್ಟಿನ ನೀರನ್ನೇ ನಂಬಿದರೆ ಮೊದಲು ಕಿರಣ ಸೊರಗುತ್ತದೆ, ಆಮೇಲೆ ಟ್ಯೂಬೇ ಹೋಗುತ್ತದೆ.

ಇಲ್ಲಿಯ ಬರಹದ ಕಸುಬುಗಳಲ್ಲಿ ಬದಲಾವಣೆ ಹೆಚ್ಚಾಗಿ ಆಗಿರುವುದು ಸೀಲಿನಲ್ಲಿ. ಹಿಂದೆ ಅಚ್ಚುಮೊಳೆ ಜೋಡಿಸಿ, ಅದರಿಂದ ಪಡಿಯಚ್ಚು ತೆಗೆದು, ರಬ್ಬರನ್ನು ಶಾಖದಲ್ಲಿ ಒತ್ತಿ ಪಂಚಾಯಿತಿಯ, ಶಾಲೆಯ ಮೊಹರು ಮಾಡುತ್ತಿದ್ದರು. ಈಗ ಅಕ್ಷರದ ಸುತ್ತಲ ರಬ್ಬರನ್ನು ಲೇಸರ್ ಸುಟ್ಟು ತೆಗೆಯುತ್ತದೆ, ಅಕ್ಷರ ಎದ್ದುನಿಲ್ಲುತ್ತದೆ. ಇಲ್ಲಿ ಯಂತ್ರಕ್ಕೆ ಆಳ ಸುಲಭವಾಗಿ ಸಿಗುವುದು ರಬ್ಬರು ಆವಿಯಾಗಿ ಹೋಗುವುದರಿಂದ. ಆದರೆ ಕತ್ತರಿಸುವ ಕೆಲಸಕ್ಕೆ ಬಂದ ಕೂಡಲೇ ಕನ್ನಡ ಲಿಪಿಯ ದುಂಡುತನ ಅಡ್ಡ ಬರುತ್ತದೆ. ತಗಡಿನಲ್ಲಿ ‘ಮಠ’ ಎಂದು ಆರಪಾರ ಕತ್ತರಿಸಿ ನೋಡಿ: ‘ಠ’ದ ಒಳವೃತ್ತ ತನ್ನ ಚುಕ್ಕೆಯ ಸಮೇತ ಕಳಚಿ ಬೀಳುತ್ತದೆ, ಉಳಿಯುವುದು ಒಂದು ದುಂಡು ತೂತು. ಅನುಸ್ವಾರದ ಗತಿಯೂ ಇದೇ. ಹಾಗಾಗಿ ಅಕ್ಷರದ ಒಳಭಾಗವನ್ನು ಹೊರಗಿನ ತಗಡಿಗೆ ಹಿಡಿದಿಡುವ ಸಣ್ಣ ಸೇತುವೆಗಳನ್ನು ಕೈಯಲ್ಲೇ ಬಿಡಿಸಬೇಕು. ಬಿಡಿ ಅಕ್ರಿಲಿಕ್ ಅಕ್ಷರ ಕತ್ತರಿಸುವಾಗ ತೊಡಕು ತಿರುವುಮುರುವು. ‘ಕೊಟ್ಟೂರು’ ಎಂಬಲ್ಲಿ ‘ಟ’ಒತ್ತು, ‘ಹರಪನಹಳ್ಳಿ’ಯಲ್ಲಿ ‘ಳ’ಒತ್ತು ಮೇಲಿನ ಅಕ್ಷರಕ್ಕೆ ತಾಗದಿದ್ದರೆ ಬೇರೆ ತುಂಡಾಗಿ ಬರುತ್ತವೆ, ಅಂಟಿಸುವವರು ಅರ್ಧ ಇಂಚು ಆಚೀಚೆ ಇಟ್ಟರೆ ಊರಿನ ಹೆಸರೇ ಕೆಡುತ್ತದೆ. ಯಂತ್ರ ನಡೆಸುವ ಹಲವು ತಂತ್ರಾಂಶಗಳಿಗೆ ಒತ್ತಕ್ಷರ ಜೋಡಿಸಲು ಬಾರದು. ಕೋರಲ್‌ಡ್ರಾದಲ್ಲಿ ನುಡಿ ಫಾಂಟಿನಿಂದ ಬರೆದು, ಅಕ್ಷರವನ್ನು ರೇಖೆಗಳಾಗಿ ಮಾರ್ಪಡಿಸಿ ಕಳಿಸುವ ರೂಢಿ ಬಂದಿರುವುದು ಇದಕ್ಕೇ. ಕನ್ನಡ ತಿಳಿದು ತಿದ್ದುವ ಕಣ್ಣೊಂದು ನಡುವೆ ಇಲ್ಲದಿದ್ದರೆ ಫಲಕದ ಮೇಲೆ ತಪ್ಪೂ ಅಚ್ಚುಕಟ್ಟಾಗಿಯೇ ಮೂಡುತ್ತದೆ.

ಪಾತ್ರೆಗೆ ಹೆಸರು ಹಾಕಿಸುವುದು ಇನ್ನೊಂದು ಕಸುಬು. ಮದುವೆಯ ಉಡುಗೊರೆಗೆ, ದಾಸೋಹಕ್ಕೆ ಕೊಟ್ಟ ಕೊಳಗಕ್ಕೆ ದಾನಿಯ ಹೆಸರನ್ನು ಮೊದಲು ಸಣ್ಣ ಉಳಿ, ಸುತ್ತಿಗೆಯಿಂದ ಚುಕ್ಕೆಚುಕ್ಕೆಯಾಗಿ ಹೊಡೆಯುತ್ತಿದ್ದರು; ಆಮೇಲೆ ಗುಂಯ್‌ಗುಡುವ ವಿದ್ಯುತ್ ಪೆನ್ನು ಬಂತು. ಕೈಕಸುಬನ್ನು ಲೇಸರ್ ಕೊಂದಿತು ಎನ್ನುವವರು ಈ ನಡುವಣ ಹಂತವನ್ನು ಮರೆಯುತ್ತಾರೆ: ಸುತ್ತಿಗೆಯ ಕೆಲಸ ಹೋದದ್ದು ವಿದ್ಯುತ್ ಪೆನ್ನಿಗೆ. ಫೈಬರ್ ಲೇಸರಿನ ಲಾಭ ನಿಜವಾದದ್ದು. ತೆಳು ಸ್ಟೀಲು ನೆಗ್ಗುವುದಿಲ್ಲ, ನೂರು ತಟ್ಟೆಗೂ ಒಂದೇ ಬರಹ, ಜೊತೆಗೆ ಚಿತ್ರವನ್ನೂ ಹಾಕಬಹುದು. ಆದರೆ ಸ್ಟೀಲನ್ನು ತುಕ್ಕಿನಿಂದ ಕಾಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ಪೊರೆ. ಗುರುತು ಕಪ್ಪಾಗಲೆಂದು ಶಾಖ ಹೆಚ್ಚಿಸಿದರೆ ಆ ಪೊರೆ ಕೆಟ್ಟು, ಹುಳಿ, ಉಪ್ಪು ತಾಗುವ ಪಾತ್ರೆಯಲ್ಲಿ ಅಕ್ಷರದ ಜಾಡಿನಲ್ಲೇ ತುಕ್ಕು ಏಳಬಹುದು. ತಾಮ್ರ, ಹಿತ್ತಾಳೆ ಬೆಳಕನ್ನು ಹೆಚ್ಚಾಗಿ ಹಿಂದಕ್ಕೆಸೆಯುವುದರಿಂದ ಅಲ್ಲಿ ಇನ್ನಷ್ಟು ತಾಳ್ಮೆ ಬೇಕು.

ಕಲ್ಲಿಗೆ ಬಂದರೆ ಪ್ರಶ್ನೆ ಬಿಗಿಯಾಗುತ್ತದೆ. ಅಲೆಕ್ಸಾಂಡರ್ ರೀ 1896ರಲ್ಲಿ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ ಪ್ರಕಟಿಸಿದ ಗ್ರಂಥಕ್ಕೆ ಉದಾಹರಣೆ ಆರಿಸಿಕೊಂಡದ್ದು ಆಗಿನ ಬಳ್ಳಾರಿ ಜಿಲ್ಲೆಯ ಇದೇ ಸೀಮೆಯಿಂದ: ಬಾಗಳಿ, ಮಾಗಳ, ನೀಲಗುಂದ, ಕುರುವತ್ತಿ, ಅಂಬಳಿ. ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ದೇವಸ್ಥಾನದ ಮದನಿಕೆಯರನ್ನು ಹತ್ತಿರದಿಂದ ನೋಡಿದರೆ, ತಲೆಯ ಮೇಲಿನ ಬಳ್ಳಿಯ ಹಿಂದಕ್ಕೂ ಉಳಿ ಹೋಗಿರುವುದು ಕಾಣುತ್ತದೆ. ಎಲೆಗೂ ಹಿಂದಿನ ಕಲ್ಲಿಗೂ ನಡುವೆ ನೆರಳು ನಿಲ್ಲುವಷ್ಟು ಜಾಗವಿದೆ. ಮೇಲಿನಿಂದ ನೇರವಾಗಿ ಬೀಳುವ ಕಿರಣ ಎಲೆಯ ಹಿಂಬದಿಗೆ ಹೋಗಲಾರದು. ರೀ ಮುದ್ರಿಸಿದ ರೇಖಾಚಿತ್ರವನ್ನು ಲೇಸರ್ ಕಪ್ಪು ಗ್ರಾನೈಟಿನ ಮೇಲೆ ಚಾಚೂ ತಪ್ಪದೆ ಮೂಡಿಸುತ್ತದೆ, ಆ ಮದನಿಕೆಯನ್ನು ಕಡೆಯಲಾರದು. ಗ್ರಾನೈಟಿನ ಮೇಲೆ ಅದು ಮಾಡುವುದಿಷ್ಟೇ: ಹೊಳಪಿನ ಮೈಯಲ್ಲಿನ ಹರಳುಗಳು ಶಾಖಕ್ಕೆ ಸಿಡಿದು ಬೂದುಬಿಳುಪಾಗುತ್ತವೆ. ಆ ಬಿಳುಪೇ ಅಕ್ಷರ. ಅದರ ಆಳ ಮಿಲಿಮೀಟರಿನ ಸಣ್ಣ ಅಂಶ. ಒದ್ದೆ ಕಾಗದ ಬಡಿದರೆ ಹಿಡಿಯುವಷ್ಟು ತಗ್ಗು ಅಲ್ಲಿಲ್ಲ.

ಇದಕ್ಕೆ ಉತ್ತರವಾಗಿ, ಕಿರಣವನ್ನು ಅದೇ ಜಾಗದಲ್ಲಿ ಮತ್ತೆಮತ್ತೆ ಹಾಯಿಸಿದರೆ ಆಳ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಲೋಹದಲ್ಲಿ ಬರುತ್ತದೆ, ನಾಣ್ಯದ ಅಚ್ಚಿನಂಥ ಉಬ್ಬುಚಿತ್ರವನ್ನೂ ಫೈಬರ್ ಲೇಸರ್ ಗಂಟೆಗಟ್ಟಲೆ ಕೂತು ತೆಗೆಯುತ್ತದೆ. ಗ್ರಾನೈಟಿನಲ್ಲಿ ಹರಳುಗಳು ಒಂದೊಂದು ಒಂದೊಂದು ರೀತಿಯಲ್ಲಿ ಸಿಡಿಯುತ್ತವೆ, ಕೆಲವು ಕರಗಿ ಗಾಜಿನಂತಾಗುತ್ತವೆ, ಅಕ್ಷರದ ಅಂಚು ಮುಕ್ಕಾಗುತ್ತದೆ. ಇನ್ನು ಕೆಲವರು ನಡುಮನೆಯಲ್ಲಿ ತೂಗುಹಾಕುವ ಭಾವಚಿತ್ರಕ್ಕೆ ಸಾವಿರ ವರ್ಷದ ಆಳ ಏಕೆ ಎನ್ನುತ್ತಾರೆ. ಆ ಮಾತು ಸರಿ, ಅಲ್ಲಿ ಲೇಸರೇ ಸರಿಯಾದ ಸಾಧನ. ಮುಖದ ನೆರಳು ಬೆಳಕನ್ನು ಅಷ್ಟು ಸೂಕ್ಷ್ಮವಾಗಿ ಮೂಡಿಸುವುದು ಉಳಿಗೆ ಕಷ್ಟ. ಆದರೆ ಬಿಸಿಲು, ಮಳೆ, ಧೂಳಿಗೆ ನಿಲ್ಲುವ ಅಡಿಗಲ್ಲು, ಕೆರೆ ಕಟ್ಟೆಯ ಫಲಕ, ದೇಣಿಗೆಯ ಕಲ್ಲು ಬೇರೆ ಜಾತಿಯವು. ಅವು ಸಾರ್ವಜನಿಕ ದಾಖಲೆಗಳು. ಯಾರು ಕೊಟ್ಟರು, ಯಾವಾಗ, ಎಷ್ಟು ಎಂಬುದನ್ನು ಬಾಗಳಿಯ ಕಲ್ಲುಗಳು ಹೇಳಿದ ಹಾಗೆ ಇವೂ ಹೇಳಬೇಕು. ತುಂಬಿದ ಬಣ್ಣ ಹೋದ ಮೇಲೂ ಓದಲು ಬರಬೇಕು.

ಇಂಥ ಕೆಲಸಕ್ಕೆ ದಾರಿಯಿದೆ, ಯಂತ್ರವನ್ನು ದೂರವಿಡಬೇಕಾಗಿಯೂ ಇಲ್ಲ. ಕಂಪ್ಯೂಟರಿನಲ್ಲಿ ತಿದ್ದಿದ ಅಕ್ಷರವನ್ನು ರಬ್ಬರ್ ಹಾಳೆಯಲ್ಲಿ ಕತ್ತರಿಸಿ ಕಲ್ಲಿಗಂಟಿಸಿ, ತೆರೆದ ಜಾಗಕ್ಕೆ ಒತ್ತಡದಲ್ಲಿ ಮರಳಿನಂಥ ಕಣ ಊದಿದರೆ ಅಕ್ಷರ ಕೆಲವು ಮಿಲಿಮೀಟರ್ ಇಳಿಯುತ್ತದೆ. ತಿರುಗುವ ಮೊನೆಯ ಸಿಎನ್‌ಸಿ ಯಂತ್ರವೂ ಇದೆ. ಜನ ಇದನ್ನೂ ಲೇಸರನ್ನೂ ಒಂದೇ ಎಂದುಕೊಳ್ಳುವುದುಂಟು, ಆದರೆ ಇದು ಕೊರೆಯುವುದು ಬೆಳಕಿನಿಂದಲ್ಲ, ಆ ಮೊನೆಯಿಂದ. ಉಳಿ ಹಿಡಿಯುವ ಕಲ್ಲುಕೆಲಸದವರು ಸಿಕ್ಕರಂತೂ ಗೆರೆಯನ್ನು ಲೇಸರಿನಿಂದ ತೆಳುವಾಗಿ ಮೂಡಿಸಿಕೊಂಡು ಆಳವನ್ನು ಅವರ ಕೈಗೆ ಬಿಡಬಹುದು. ಅಳತೆ ತಪ್ಪದು, ಕಸುಬೂ ಉಳಿಯುತ್ತದೆ. ಪಂಚಾಯಿತಿಯಾಗಲಿ, ಮಠವಾಗಲಿ, ದೇವಸ್ಥಾನದ ಸಮಿತಿಯಾಗಲಿ ಕಲ್ಲಿನ ಫಲಕಕ್ಕೆ ಆರ್ಡರ್ ಕೊಡುವಾಗ ಕಲ್ಲಿನ ಬಣ್ಣ, ಅಗಲ, ಎತ್ತರ ಬರೆಯುತ್ತವೆ. ಅದೇ ಕಾಗದದಲ್ಲಿ ಅಕ್ಷರದ ಆಳ ಇಷ್ಟು ಮಿಲಿಮೀಟರ್ ಎಂದು ಇನ್ನೊಂದು ಸಾಲು ಸೇರಿಸಬೇಕು. ಫಲಕ ಬಂದ ದಿನ, ಬಣ್ಣ ತುಂಬುವ ಮೊದಲು, ಅದನ್ನು ಅಳೆದು ನೋಡಿ ಹಣ ಕೊಡಬೇಕು.