ವಿದ್ಯುತ್ ಕ್ಷೇತ್ರದ ಹಳೆಯ ಮಾನ, ಹೊಸ ಮಾನ

ಅಳತೆಯ ಮಾನವು ಬದಲಾದ ಮಾತ್ರಕ್ಕೆ ಅಳೆಯಲ್ಪಟ್ಟ ವಸ್ತುವು ಬದಲಾಗುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಜನರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಸೀಮೆಯು ೧೯೫೩ನೆಯ ಅಕ್ಟೋಬರ್ ೧ರಂದು ಮೈಸೂರಿಗೆ ಸೇರಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ನಡುವೆ ೧೯೯೭ರಲ್ಲಿ ಹರಪನಹಳ್ಳಿಯೊಂದು ದಾವಣಗೆರೆಗೆ ಸೇರಿ, ಮುಂದೆ ಮರಳಿ ಬಂದಿತು. ಕಾಗದಪತ್ರಗಳಲ್ಲಿನ ಹೆಸರು ಬದಲಾಯಿತು. ಹೊಲಗದ್ದೆಗಳು ಇದ್ದಲ್ಲಿಯೇ ಇದ್ದುವು.

ತೂಕದ ವಿಷಯದಲ್ಲಿಯೂ ಹಾಗೆಯೇ. ೧೯೫೭ನೆಯ ಏಪ್ರಿಲ್ ೧ರಂದು ಹದಿನಾರು ಆಣೆಯ ರೂಪಾಯಿಯು ನೂರು ನಯಾಪೈಸೆಯ ರೂಪಾಯಿಯಾಯಿತು. ೧೯೫೬ರ ತೂಕ-ಅಳತೆಗಳ ಶಾಸನವು ೮೦ ತೊಲೆಯ ಸೇರನ್ನು ೯೩೩.೧೦ ಗ್ರಾಮಿಗೆ ಸಮವೆಂದು ಗೊತ್ತುಮಾಡಿತು. ಎಂದರೆ ಕಿಲೋಗ್ರಾಮು ಒಂದು ಸೇರಿಗಿಂತ ಸುಮಾರು ಐದೂಮುಕ್ಕಾಲು ತೊಲೆ ಹೆಚ್ಚು. ಅದಕ್ಕೆ ಮುಂಚೆ ನಮ್ಮ ದೇಶದಲ್ಲಿ ಸೇರೆಂಬ ಒಂದೇ ಹೆಸರು ಕಚ್ಚಾ ಸೇರಿಗೂ ಪಕ್ಕಾ ಸೇರಿಗೂ ಸಲ್ಲುತ್ತಿದ್ದಿತು. ಧಾನ್ಯವನ್ನು ಅಳೆಯುವ ಸೇರು ಬೇರೆ, ಬೆಲ್ಲವನ್ನು ತೂಗುವ ಸೇರು ಬೇರೆ. ಸಂತೆಯಲ್ಲಿ ಯಾವ ಸೇರೆಂದು ಕೇಳಲರಿಯದವನಿಗೆ ನಷ್ಟವು ತಪ್ಪಿದ್ದಲ್ಲ. ಆದರೆ ಈ ೯೩೩ ಎಂಬ ಸಂಖ್ಯೆಯು ಮನುಷ್ಯರು ಮಾಡಿಕೊಂಡ ಒಪ್ಪಂದ ಮಾತ್ರ. ಅದರಿಂದ ಪ್ರಕೃತಿಯ ರಹಸ್ಯವೊಂದೂ ತಿಳಿಯುವುದಿಲ್ಲ. ವಿದ್ಯುಚ್ಛಾಸ್ತ್ರದಲ್ಲಿ ಮಾತ್ರ ಎರಡು ಮಾನಗಳ ನಡುವಣ ಸಂಖ್ಯೆಯೊಂದು ಬೆಳಕಿನ ಸ್ವರೂಪವನ್ನೇ ತಿಳಿಸಿಕೊಟ್ಟಿತು. ಆ ಕಥೆಯನ್ನು ಇಲ್ಲಿ ನೋಡೋಣ.

ವಿದ್ಯುದಾವೇಶವುಳ್ಳ ವಸ್ತುವಿನ ಸುತ್ತಲೂ ಅದರ ಪ್ರಭಾವವು ಹರಡಿಕೊಂಡಿರುವುದು. ಆ ಪ್ರದೇಶವೇ ವಿದ್ಯುತ್ ಕ್ಷೇತ್ರ. ಅಲ್ಲಿ ಇರಿಸಿದ ಒಂದು ಮಾನದ ಆವೇಶದ ಮೇಲೆ ಬೀಳುವ ಬಲವೇ ಆ ಕ್ಷೇತ್ರದ ತೀವ್ರತೆ. ಇಂದು ನಾವು ಅದನ್ನು ಮೀಟರಿಗೆ ಇಷ್ಟು ವೋಲ್ಟ್ ಎಂದು ಹೇಳುತ್ತೇವೆ. ಮೋಡವಿಲ್ಲದ ದಿನ ಹಡಗಲಿಯ ಬಯಲಿನಲ್ಲಿ ನಿಂತವನ ಸುತ್ತಲೂ, ಲೋಕದಲ್ಲೆಲ್ಲ ಇರುವಂತೆಯೇ, ಮೀಟರಿಗೆ ನೂರು ನೂರಿಪ್ಪತ್ತು ವೋಲ್ಟುಗಳಷ್ಟು ಕ್ಷೇತ್ರವಿರುವುದು. ಒಣಗಾಳಿಯು ತಡೆಯಲಾರದೆ ಕಿಡಿ ಹಾರುವುದಕ್ಕೆ ಮೀಟರಿಗೆ ಸುಮಾರು ೩೦ ಲಕ್ಷ ವೋಲ್ಟುಗಳು ಬೇಕು.

ಹಳೆಯ ಗ್ರಂಥಗಳನ್ನು ತೆರೆದರೆ ಈ ಸಂಖ್ಯೆಗಳು ಕಾಣುವುದಿಲ್ಲ. ೧೭೮೫ರಲ್ಲಿ ಕೂಲಂಬನು ಆವೇಶಗಳ ನಡುವಣ ಬಲದ ನಿಯಮವನ್ನು ಸ್ಥಾಪಿಸಿದನು. ೧೮೩೨ರಲ್ಲಿ ಗೌಸನು ಭೂಮಿಯ ಕಾಂತಬಲವನ್ನು ಉದ್ದ, ದ್ರವ್ಯರಾಶಿ, ಕಾಲ ಎಂಬ ಮೂರೇ ಮಾನಗಳಿಂದ ಅಳೆಯುವ ದಾರಿಯನ್ನು ತೋರಿಸಿದನು. ಈ ದಾರಿಯಲ್ಲಿ ನಡೆದವರು ಸೆಂಟಿಮೀಟರ್, ಗ್ರಾಮ್, ಸೆಕೆಂಡುಗಳ ಪದ್ಧತಿಯನ್ನು ಕಟ್ಟಿದರು. ಒಂದು ಸೆಂಟಿಮೀಟರ್ ದೂರದಲ್ಲಿರುವ ಎರಡು ಸಮಾನ ಆವೇಶಗಳು ಒಂದು ಡೈನ್ ಬಲದಿಂದ ಪರಸ್ಪರ ನೂಕಿದರೆ, ಅವುಗಳಲ್ಲಿ ಪ್ರತಿಯೊಂದೂ ಒಂದು ಮಾನವೆಂದರು. ಇದು ಸ್ಥಿರವಿದ್ಯುತ್ತಿನ ಪದ್ಧತಿ. ಇದರಲ್ಲಿ ಕ್ಷೇತ್ರದ ಮಾನವು ಸೆಂಟಿಮೀಟರಿಗೆ ಒಂದು ಸ್ಟಾಟ್‌ವೋಲ್ಟ್. ಒಂದು ಸ್ಟಾಟ್‌ವೋಲ್ಟೆಂದರೆ ೨೯೯.೭೯ ವೋಲ್ಟುಗಳು, ಮೀಟರಿಗೆ ನೂರು ಸೆಂಟಿಮೀಟರುಗಳಾದುದರಿಂದ, ಹಳೆಯ ಒಂದು ಮಾನವು ಹೊಸದರಲ್ಲಿ ಮೀಟರಿಗೆ ೨೯,೯೭೯ ವೋಲ್ಟ್, ಸ್ಥೂಲವಾಗಿ ೩೦,೦೦೦. ಕಿಡಿ ಹಾರಿಸುವ ೩೦ ಲಕ್ಷವು ಹಳೆಯ ಲೆಕ್ಕದಲ್ಲಿ ಬರಿಯ ನೂರು. ಆದುದರಿಂದ ಹಳೆಯ ಪುಸ್ತಕದಲ್ಲಿ ನೂರೆಂದು ಕಂಡಾಗ ಯಾವ ನೂರೆಂದು ಕೇಳದಿದ್ದರೆ, ಒಂದೇ ಸಂಖ್ಯೆಯು ನಿರ್ಮಲವಾದ ಆಕಾಶವನ್ನೂ ಕಿಡಿಯನ್ನೂ ಸೂಚಿಸೀತು!

ಪ್ರವಾಹವನ್ನೂ ಅದರ ಕಾಂತಪ್ರಭಾವವನ್ನೂ ಅಳೆಯುತ್ತಿದ್ದವರಿಗೆ ಮತ್ತೊಂದು ಪದ್ಧತಿಯಿದ್ದಿತು. ಅದು ವಿದ್ಯುತ್ಕಾಂತ ಪದ್ಧತಿ. ಅದರ ಮಾನವು ಅಬ್‌ವೋಲ್ಟ್. ಹತ್ತು ಕೋಟಿ ಅಬ್‌ವೋಲ್ಟುಗಳು ಸೇರಿದರೆ ಒಂದು ವೋಲ್ಟ್. ಆದುದರಿಂದ ಸೆಂಟಿಮೀಟರಿಗೆ ಒಂದು ಅಬ್‌ವೋಲ್ಟ್ ಎಂಬುದು ಮೀಟರಿಗೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು. ಈಗ ಎರಡು ಹಳೆಯ ಮಾನಗಳನ್ನು ಹೋಲಿಸಿರಿ: ಮೊದಲನೆಯದು ಎರಡನೆಯದರ ಸುಮಾರು ೩,೦೦೦ ಕೋಟಿಯಷ್ಟಿದೆ. ಬೆಳಕು ಒಂದು ಸೆಕೆಂಡಿನಲ್ಲಿ ಚಲಿಸುವ ಸೆಂಟಿಮೀಟರುಗಳ ಸಂಖ್ಯೆಯೂ ಅದೇ!

೧೮೫೬ರಲ್ಲಿ ವೇಬರ್ ಮತ್ತು ಕೋಲ್‌ರೌಷ್ ಎಂಬ ಜರ್ಮನ್ ವಿದ್ವಾಂಸರು ಲೇಡನ್ ಜಾಡಿಯಲ್ಲಿ ಶೇಖರಿಸಿದ ಆವೇಶವನ್ನು ಮೊದಲು ಬಲದಿಂದಲೂ, ಅನಂತರ ಅದು ಹರಿದಾಗ ಕಾಂತಸೂಚಿಯ ತಿರುಗುವಿಕೆಯಿಂದಲೂ ಅಳೆದರು. ಅವರ ಅಳತೆಯಿಂದ ದೊರೆತ ವೇಗವು ಸೆಕೆಂಡಿಗೆ ಸುಮಾರು ೩ ಲಕ್ಷ ೧೦ ಸಾವಿರ ಕಿಲೋಮೀಟರ್. ೧೮೪೯ರಲ್ಲಿ ಫಿಜೋ ಹಲ್ಲುಚಕ್ರದಿಂದ ಅಳೆದಿದ್ದ ಬೆಳಕಿನ ವೇಗವೂ ಇದಕ್ಕೆ ಸಮೀಪವಾಗಿಯೇ ಇದ್ದಿತು. ಈ ಸಾಮ್ಯದ ಅರ್ಥವನ್ನು ೧೮೬೧-೬೨ರಲ್ಲಿ ಗ್ರಹಿಸಿದವನು ಮ್ಯಾಕ್ಸ್‌ವೆಲ್: ಬೆಳಕು ವಿದ್ಯುತ್ತು-ಕಾಂತತೆಗಳ ಅಲೆಯೇ ಎಂದು ಅವನು ಸಾರಿದನು. ೧೮೮೭-೮೮ರಲ್ಲಿ ಹರ್ಟ್ಸನು ಅಂತಹ ಅಲೆಗಳನ್ನು ಪ್ರಯೋಗಶಾಲೆಯಲ್ಲಿಯೇ ಹುಟ್ಟಿಸಿದನು. ೧೯೩೫ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ‘ಆಕಾಶವಾಣಿ’ಯು ಜನರ ಮನೆಗಳನ್ನು ತಲುಪಿದುದೂ ಆ ಅಲೆಗಳ ಮೇಲೆಯೇ. ರೇಡಿಯೋ ಎಂಜಿನಿಯರುಗಳು ಅಲೆಯ ಬಲವನ್ನು ಹೇಳುವ ‘ಮೀಟರಿಗೆ ಒಂದು ಮೈಕ್ರೋವೋಲ್ಟ್’ ಎಂಬುದು ಬೆಲೆಯಲ್ಲಿ ಮೇಲೆ ಹೇಳಿದ ವಿದ್ಯುತ್ಕಾಂತಮಾನವೇ ಆಗಿದೆ.

ಎರಡು ಪದ್ಧತಿಗಳ ತೊಡಕನ್ನು ಬಿಡಿಸಲು ೧೯೦೧ರಲ್ಲಿ ಇಟಲಿಯ ಜೋರ್ಜಿ, ಮೀಟರ್-ಕಿಲೋಗ್ರಾಮ್-ಸೆಕೆಂಡುಗಳ ಜೊತೆಗೆ ವಿದ್ಯುತ್ತಿನದೇ ಆದ ನಾಲ್ಕನೆಯ ಮಾನವನ್ನು ಸೇರಿಸಬೇಕೆಂದನು. ಆ ವಿಚಾರವೇ ಬೆಳೆದು ೧೯೬೦ರಲ್ಲಿ ಅಂತರರಾಷ್ಟ್ರೀಯ ಪದ್ಧತಿಯಾಯಿತು. ೧೯೮೩ರಲ್ಲಿ ಮೀಟರನ್ನೇ ಬೆಳಕಿನಿಂದ ನಿರೂಪಿಸಿದರು: ಬೆಳಕು ಸೆಕೆಂಡಿನ ೨೯,೯೭,೯೨,೪೫೮ರಲ್ಲೊಂದು ಪಾಲಿನಲ್ಲಿ ಸಾಗುವ ದೂರವೇ ಒಂದು ಮೀಟರ್. ಕೊಟ್ಟೂರಿನ ಅಂಗಡಿಯಲ್ಲಿ ಬಟ್ಟೆಯನ್ನಳೆಯುವ ಕೋಲಿಗೂ ಈಗ ಆ ಬೆಳಕೇ ಆಧಾರ.

ಮಾನಪರಿವರ್ತನೆಯನ್ನು ನಮ್ಮ ವಿದ್ಯಾರ್ಥಿಗಳು ಕೇವಲ ಗುಣಾಕಾರವೆಂದು ಬೇಸರಪಡುವುದುಂಟು. ಸೇರನ್ನು ಕಿಲೋಗ್ರಾಮಿಗೆ ತಿರುಗಿಸುವಲ್ಲಿ ಅದು ನಿಜವಿರಬಹುದು. ಅಲ್ಲಿಯೂ ಬಡವನ ಕಾಸು ಉಳಿಯುವುದು ಅದರಿಂದಲೇ. ವಿದ್ಯುತ್ತಿನಲ್ಲಿಯಾದರೋ ಒಂದು ಗುಣಕವು ಏಕೆ ಅಷ್ಟೇ ಇದೆಯೆಂದು ಕೇಳಿದವರಿಗೆ ಬೆಳಕಿನ ಸ್ವರೂಪವು ತಿಳಿಯಿತು. ಆದುದರಿಂದ ಪರಿವರ್ತನೆಯ ಪಟ್ಟಿಯನ್ನು ಕಂಠಪಾಠ ಮಾಡುವವರು ಅದರ ಒಂದೊಂದು ಸಂಖ್ಯೆಯ ಹುಟ್ಟನ್ನೂ ವಿಚಾರಿಸುವುದು ಒಳ್ಳೆಯದು.